ಗಾಳದ ದಾರ ಹಿಡಿದವರು: ಕಲ್ಯಾಣದಿಂದ ಕಾವೇರಿಯವರೆಗೆ



ಇಂದು ನಾನು ಮೀನು ಹಿಡಿಯುವ ಮಾತು ಎತ್ತಿಕೊಂಡಿದ್ದೇನೆ. ಜತ್ತ ತಾಲೂಕಿನ ಕಟ್ಟೆಯ ಮೇಲೆ ಕೂತು ಕೇಳುವ ಹಿರಿಯರು ಯಾರಾದರೂ, "ಅಲ್ಲರೀ ಸರ, ನಮ್ಮ ಕಡೆ ಕುಡಿಯಾಕ ನೀರಿಲ್ಲದ ವರ್ಷ ಎಷ್ಟೋ ಕಂಡೀವಿ, ಮೀನಿನ ಕತಿ ಯಾಕ್ರೀ?" ಎಂದು ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ನಮ್ಮ ತಾಲೂಕಿನಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿ ಒಂದೂ ಇಲ್ಲ. ಬೋರ ಹಳ್ಳ ಮಳೆ ಬಂದಾಗ ಹರಿದು ಭೀಮೆಯ ಕಡೆಗೆ ಹೋಗುತ್ತದೆ. ದಕ್ಷಿಣಕ್ಕೆ ಕೃಷ್ಣೆ, ಉತ್ತರಕ್ಕೆ ಭೀಮೆ, ನಡುವೆ ನಾವು. ಮ್ಹೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರು ತಾಲೂಕಿನ ಕೆಲವು ಊರುಗಳಿಗೆ ಬಂದಿದೆ. ಉಳಿದವರು ಇನ್ನೂ ದಾರಿ ನೋಡುತ್ತಲೇ ಇದ್ದಾರೆ. ಇಂಥ ನೆಲದಲ್ಲಿ ಕೂತು ಗಾಳದ ಇತಿಹಾಸ ಹೇಳುವುದಕ್ಕೆ ಕಾರಣವಿದೆ. ಆ ಇತಿಹಾಸದ ಮೊದಲ ಪುಟ ನಮ್ಮ ಈ ಸೀಮೆಯನ್ನು ಆಳಿದ ಅರಸನದು. ಅದರ ಕೊನೆಯ ಪುಟದಲ್ಲಿ ನಮ್ಮ ಭೀಮೆಯ ಮೇಲ್ದಂಡೆಯ ಒಂದು ಮೀನು ಬರುತ್ತದೆ.

ಮೊದಲು ದೂರದ ದೇಶವೊಂದರ ಮಾತು ಹೇಳಿ, ಆಮೇಲೆ ಮನೆಗೆ ಬರೋಣ.

ಬ್ರಿಟನ್ನಿನ ಉತ್ತರ ಭಾಗ ಸ್ಕಾಟ್ಲೆಂಡ್. ಅಲ್ಲಿ ಟೇ, ಟ್ವೀಡ್, ಸ್ಪೇ ಎಂಬ ನದಿಗಳಿವೆ. ಈ ನದಿಗಳಲ್ಲಿ ಸಾಲ್ಮನ್ ಎಂಬ ಮೀನು ಹುಟ್ಟುತ್ತದೆ, ಮರಿಯಾಗಿದ್ದಾಗಲೇ ಸಮುದ್ರಕ್ಕೆ ಇಳಿಯುತ್ತದೆ, ಅಲ್ಲಿ ಬೆಳೆದು, ಮೊಟ್ಟೆ ಇಡುವ ಕಾಲಕ್ಕೆ ತಾನು ಹುಟ್ಟಿದ ನದಿಗೇ ಮರಳಿ ಬರುತ್ತದೆ. ಹೆಣ್ಣುಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಹಾಗೆ. ಅದೇ ಬಗೆಯಲ್ಲಿ ಸಮುದ್ರಕ್ಕೆ ಹೋಗಿ ಬರುವ ಇನ್ನೊಂದು ಮೀನಿಗೆ ಸಮುದ್ರ ಟ್ರೌಟ್ ಎನ್ನುತ್ತಾರೆ. ಇವನ್ನು ಹಿಡಿಯಲು ಅಲ್ಲಿಯವರು ಗಾಳಕ್ಕೆ ಹುಳ ಚುಚ್ಚದೆ, ಹಕ್ಕಿಯ ಪುಕ್ಕ, ಪ್ರಾಣಿಯ ಕೂದಲು, ಬಣ್ಣದ ರೇಷ್ಮೆ ನೂಲು ಸುತ್ತಿ ನೊಣದಂಥದ್ದೊಂದನ್ನು ಕಟ್ಟುತ್ತಾರೆ. ಉದ್ದನೆಯ ಬಳುಕುವ ಕೋಲಿನಿಂದ ಅದನ್ನು ನೀರಿನ ಮೇಲೆ ಬೀಸುತ್ತಾರೆ. ಇದರಲ್ಲಿ ಒಂದು ಸೋಜಿಗವಿದೆ. ಸಮುದ್ರದಿಂದ ನದಿಗೆ ಬಂದ ಸಾಲ್ಮನ್ ಹೆಚ್ಚುಕಡಿಮೆ ಉಪವಾಸವೇ ಇರುತ್ತದೆ. ಹಸಿವಿಲ್ಲದ ಮೀನನ್ನು ಕೆಣಕಿ ಬಾಯಿ ತೆರೆಸಬೇಕು. ಸಮುದ್ರ ಟ್ರೌಟಂತೂ ಬಲು ಅಂಜುಬುರುಕ, ಸಂಜೆ ಕತ್ತಲಾದ ಮೇಲೆಯೇ ಅದರ ಬೇಟೆ.

ಆದ್ದರಿಂದ ಹೊಸಬ ಒಬ್ಬನೇ ಹೋದರೆ ದಿನವೆಲ್ಲ ನೀರಿಗೆ ಕೋಲು ಬೀಸಿ ಬರಿಗೈಯಲ್ಲಿ ಬರುತ್ತಾನೆ. ಯಾವ ಬಂಡೆಯ ಹಿಂದೆ ಮೀನು ದಣಿವಾರಿಸಿಕೊಳ್ಳುತ್ತದೆ, ನೀರು ಎಷ್ಟು ಇಳಿದರೆ ಅದು ಜಾಗ ಬಿಡುತ್ತದೆ, ಮೋಡ ಕವಿದ ದಿನಕ್ಕೆ ಯಾವ ಬಣ್ಣದ ಪುಕ್ಕ ಎಂಬುದೆಲ್ಲ ಆ ದಂಡೆಯಲ್ಲೇ ಬೆಳೆದವನಿಗೆ ಗೊತ್ತು. ಅವನನ್ನು ಅಲ್ಲಿ ಗಿಲ್ಲಿ ಎಂದು ಕರೆಯುತ್ತಾರೆ. ನಮ್ಮ ಹುಡುಗರ ಗಿಲ್ಲಿ-ದಾಂಡಿಗೂ ಈ ಗಿಲ್ಲಿಗೂ ನಂಟಿಲ್ಲ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ಅದಕ್ಕೆ ಹುಡುಗ, ಆಳು ಎಂದು ಅರ್ಥ. ಧಣಿ ಮೀನು ಹಿಡಿದ ಎಂದು ಪುಸ್ತಕದಲ್ಲಿ ಬರೆಯುತ್ತಾರೆ, ಮೀನು ಇರುವ ಜಾಗ ತೋರಿಸಿದವನು ಮಾತ್ರ ಆಳು.

ಆದರೆ ಒಮ್ಮೆ ಲೆಕ್ಕ ತಿರುಗಿತು. 1922ರ ಅಕ್ಟೋಬರ್ 7ರ ಸಂಜೆ ಟೇ ನದಿಯಲ್ಲಿ ಒಬ್ಬ ಗಿಲ್ಲಿ ದೋಣಿ ಹುಟ್ಟು ಹಾಕುತ್ತಿದ್ದ. ಗಾಳದ ಕೋಲು ಹಿಡಿದವಳು ಅವನ ಮಗಳು ಜಾರ್ಜಿನಾ ಬ್ಯಾಲಂಟೈನ್. ಸುಮಾರು ಎರಡು ತಾಸಿನ ಹೆಣಗಾಟದ ನಂತರ ಕತ್ತಲಲ್ಲಿ ಅವರು ದಂಡೆಗೆ ತಂದ ಸಾಲ್ಮನ್ 64 ಪೌಂಡು, ಅಂದರೆ ಸುಮಾರು 29 ಕಿಲೋ ತೂಗಿತು. ಬ್ರಿಟನ್ನಿನಲ್ಲಿ ಕೋಲು-ಗಾಳದಿಂದ ಹಿಡಿದ ಸಾಲ್ಮನ್ನಿನ ದಾಖಲೆ ಇಂದಿಗೂ ಅದೇ. ಎಷ್ಟೋ ಧಣಿಗಳು, ಎಷ್ಟೋ ಸರದಾರರು ನೂರು ವರ್ಷ ಬೀಸಿದರೂ ಆ ಗಿಲ್ಲಿಯ ಮಗಳ ಮೀನನ್ನು ಮೀರಿಸಲಾಗಲಿಲ್ಲ. ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಮನೆಗೆ ಬರೋಣ.

ಹನ್ನೆರಡನೆಯ ಶತಮಾನದಲ್ಲಿ ನಮ್ಮ ಈ ನಾಡು ಕಲ್ಯಾಣದ ಚಾಲುಕ್ಯರದಾಗಿತ್ತು. ಆರನೆಯ ವಿಕ್ರಮಾದಿತ್ಯ 1076ರಿಂದ ಐವತ್ತು ವರ್ಷ ಆಳಿದ. ಅವನ ಮಗ ಮೂರನೆಯ ಸೋಮೇಶ್ವರ, ಭೂಲೋಕಮಲ್ಲ ಎಂಬ ಬಿರುದಿನವನು. ತಂದೆಗೆ ಯುದ್ಧದ ಹಂಬಲ, ಮಗನಿಗೆ ವಿದ್ಯೆಯ ಹಂಬಲ. ಸುಮಾರು 1130ರಲ್ಲಿ ಅವನು 'ಮಾನಸೋಲ್ಲಾಸ' ಎಂಬ ದೊಡ್ಡ ಸಂಸ್ಕೃತ ಗ್ರಂಥ ಬರೆದ. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಒಟ್ಟು ನೂರು ಅಧ್ಯಾಯಗಳನ್ನು ಇಪ್ಪತ್ತು ಇಪ್ಪತ್ತರಂತೆ ಐದು ಭಾಗ ಮಾಡಿದ್ದಾನೆ. ರಾಜ್ಯಭಾರ, ಆನೆ, ಕುದುರೆ, ಅಡಿಗೆ, ಸಂಗೀತ, ಚಿತ್ರಕಲೆ ಎಲ್ಲವೂ ಅದರಲ್ಲಿವೆ. ನಾಲ್ಕನೆಯ ಭಾಗ ವಿನೋದಗಳದ್ದು. ಅದರಲ್ಲಿ ಒಂದು ಅಧ್ಯಾಯ ಮತ್ಸ್ಯವಿನೋದ, ಅಂದರೆ ಗಾಳ ಹಾಕಿ ಮೀನು ಹಿಡಿಯುವ ಆಟ.

ಈ ಅಧ್ಯಾಯ ಏನು ಹೇಳುತ್ತದೆ? ಸುಮಾರು 35 ಬಗೆಯ ಮೀನುಗಳ ಹೆಸರು ಹೇಳುತ್ತದೆ. ಸಮುದ್ರದವು ಯಾವುವು, ನದಿಯವು ಯಾವುವು, ಮೈಮೇಲೆ ಹುರುಪೆ ಇರುವವು ಯಾವುವು, ಇಲ್ಲದವು ಯಾವುವು ಎಂದು ವಿಂಗಡಿಸುತ್ತದೆ. ಯಾವ ಮೀನಿಗೆ ಯಾವ ತಿನಿಸು ಹಾಕಬೇಕೆಂದು ಬೇರೆ ಬೇರೆ ಹೇಳುತ್ತದೆ. ಮೊದಲು ಮೀನುಗಳಿಗೆ ತಿನಿಸು ಹಾಕಿ ಜಾಗಕ್ಕೆ ಒಗ್ಗಿಸಬೇಕು, ಗಾಳದ ಮಾತು ಆಮೇಲೆ. ಕೋಲು, ದಾರ, ಗಾಳದ ಕೊಕ್ಕೆ ಹೇಗಿರಬೇಕು ಎಂಬ ವಿವರವೂ ಇದೆ. ಮೀನುಶಾಸ್ತ್ರದಲ್ಲಿ ದೇಶಕ್ಕೇ ಹಿರಿಯರಾಗಿದ್ದ ಡಾ. ಸುಂದರಲಾಲ ಹೋರಾ ಅವರು ಈ ಅಧ್ಯಾಯವನ್ನು ಓದಿ 1951ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಆಗಲೇ ಇಂದಿನ ವಿಜ್ಞಾನಿಗಳ ಕಣ್ಣು ಅದರ ಮೇಲೆ ಬಿದ್ದಿತು. ಇಂಗ್ಲೆಂಡಿನಲ್ಲಿ ಗಾಳದ ಬಗ್ಗೆ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ನಮ್ಮ ಸೋಮೇಶ್ವರ ಅದಕ್ಕೂ ಮುನ್ನೂರೈವತ್ತು ವರ್ಷ ಮೊದಲಿನವನು.

ಇಲ್ಲಿ ಒಂದು ಮಾತು ಕೇಳಬೇಕಾಗುತ್ತದೆ. ಅರಸ ಸಿಂಹಾಸನದ ಮೇಲೆ ಕೂತು 35 ಮೀನಿನ ತಿನಿಸು ಕಲಿತನೆ? ಇಲ್ಲ. ಯಾವ ಮೀನು ಏನು ತಿನ್ನುತ್ತದೆ ಎಂದು ಗೊತ್ತಿದ್ದವರು ಮಡುವಿನ ದಂಡೆಯಲ್ಲಿ ಬಲೆ ಬೀಸುತ್ತಿದ್ದವರು, ದೋಣಿ ನಡೆಸುತ್ತಿದ್ದವರು. ಅವರು ಹೇಳಿರಬೇಕು, ಅರಸ ಬರೆದಿರಬೇಕು. ಗ್ರಂಥದಲ್ಲಿ ಅರಸನ ಹೆಸರಿದೆ, ಅವರ ಹೆಸರಿಲ್ಲ.

ಅದೇ ಶತಮಾನದಲ್ಲಿ, ಅದೇ ಕಲ್ಯಾಣದ ಸುತ್ತಮುತ್ತ ಇನ್ನೊಂದು ದನಿ ಎದ್ದಿತು. ಶರಣರ ಕಾಲ ಅದು. ದೋಣಿ ನಡೆಸುವ ಕಾಯಕದವನೊಬ್ಬ ಕನ್ನಡದಲ್ಲಿ ವಚನ ಹೇಳಿದ, ಆ ವಚನಗಳಿಗೆ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟ. ಅವನೇ ಅಂಬಿಗರ ಚೌಡಯ್ಯ. ಉಳಿದ ಶರಣರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ ಇವನು ತನ್ನ ಕಾಯಕವನ್ನೂ ತನ್ನ ಹೆಸರನ್ನೂ ನಿಲ್ಲಿಸಿದ. ಅರಸನ ಗ್ರಂಥದಲ್ಲಿ ಸಿಗದ ಅಂಬಿಗ ಹೀಗೆ ತಾನೇ ತನ್ನ ಗುರುತು ಬರೆದುಹೋದ. ಮತ್ಸ್ಯವಿನೋದ ಓದುವಾಗ ನನಗೆ ಚೌಡಯ್ಯನ ನೆನಪಾಗದೆ ಇರುವುದಿಲ್ಲ.

ಅಲ್ಲಿಂದ ಏಳುನೂರು ವರ್ಷ ಮುಂದೆ ಬರೋಣ. ಆಂಗ್ಲರು ಬಂದರು. ಅವರಿಗೆ ತಮ್ಮ ಸಾಲ್ಮನ್, ಟ್ರೌಟುಗಳ ಹಂಬಲ ಬಿಡಲಿಲ್ಲ. ನೀಲಗಿರಿಯ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಸಾಕಲು 1863ರಲ್ಲೇ ಯತ್ನ ನಡೆಯಿತು. ಅದು ಕೈಗೂಡಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು. ಅಷ್ಟರಲ್ಲಿ ಅವರು ನಮ್ಮ ನದಿಗಳಲ್ಲೇ ಇನ್ನೊಂದು ಮೀನನ್ನು ಕಂಡುಕೊಂಡಿದ್ದರು. ಅದು ಮಹಸೀರ್. ಅಂಗೈಯಷ್ಟು ಅಗಲದ ಹುರುಪೆ, ಬಂಡೆಗಳ ನಡುವೆ ರಭಸದ ನೀರಿಗೆ ಎದೆ ಕೊಟ್ಟು ನಿಲ್ಲುವ ಬಲ. ಇದು ಸಮುದ್ರಕ್ಕೆ ಹೋಗುವುದಿಲ್ಲ. ಆದರೆ ಮಳೆಗಾಲದಲ್ಲಿ ಮೊಟ್ಟೆ ಇಡಲು ಪ್ರವಾಹದ ಎದುರು ಈಜುತ್ತ ಮೇಲಕ್ಕೆ ಏರುತ್ತದೆ. ಈ ಗುಣ ಕಂಡೇ ಅವರು ಇದನ್ನು ತಮ್ಮ ಸಾಲ್ಮನ್‌ಗೆ ಹೋಲಿಸಿದರು. ಮದ್ರಾಸ್ ಸರಕಾರದ ಅಧಿಕಾರಿ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿದವನು. ಅವನು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾಯಿತು. ಗಾತ್ರಕ್ಕೆ ಗಾತ್ರ ನೋಡಿದರೆ ಸಾಲ್ಮನ್‌ಗಿಂತ ಮಹಸೀರೇ ಹೆಚ್ಚು ಸೆಣಸುತ್ತದೆ ಎಂದು ಅದರಲ್ಲಿ ಅವನು ವಾದಿಸಿದ.

ಈ ಮೀನಿನ ದೊಡ್ಡಣ್ಣ ಇದ್ದದ್ದು ಕಾವೇರಿಯಲ್ಲಿ. ಬೆನ್ನಿನ ಮೇಲೆ ಗೂನಿನಂಥ ಉಬ್ಬು ಇರುವ, ಕಿತ್ತಳೆ ಬಣ್ಣದ ರೆಕ್ಕೆಯ ಮಹಸೀರ್ ಅದು. 1946ರ ಮಾರ್ಚ್ 22ರಂದು ಕಾವೇರಿಯ ಉಪನದಿ ಕಬಿನಿಯಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಹಿಡಿದ ಮೀನು 120 ಪೌಂಡು ತೂಗಿತು. ಅಂದರೆ 54 ಕಿಲೋ, ಒಂದು ಚೀಲ ಜೋಳಕ್ಕೆ ಅರ್ಧ ಚೀಲಕ್ಕಿಂತ ಹೆಚ್ಚು. ಬೇಟೆಯ ಪ್ರಾಣಿಗಳ ಚರ್ಮ ಹದಮಾಡಿ ತುಂಬುವ ಕೆಲಸಕ್ಕೆ ಹೆಸರಾದ ಮನೆತನದವರು ಅವರು. ಮಹಸೀರಿನ ಆ ದಾಖಲೆಯನ್ನು ಮುರಿದವರಿಲ್ಲ.

ಸ್ವಾತಂತ್ರ್ಯದ ನಂತರ ಈ ಆಟ ಮರೆತುಹೋದಂತಾಗಿತ್ತು. ಕಾವೇರಿಗೆ ಮೇಲೆ 1931ರ ಹೊತ್ತಿಗೆ ಕೃಷ್ಣರಾಜಸಾಗರ, ಕೆಳಗೆ 1934ರಲ್ಲಿ ಮೆಟ್ಟೂರು ಅಣೆಕಟ್ಟು ಬಂದಿದ್ದವು. ನಡುವೆ ಉಳಿದ ಕಾಡಿನ ನದಿಯಲ್ಲಿ ಕೆಲವರು ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಿದ್ದರು. ಒಂದು ಸಿಡಿತಕ್ಕೆ ದೊಡ್ಡದು, ಚಿಕ್ಕದು, ಮರಿ ಎಲ್ಲವೂ ಸತ್ತು ತೇಲುತ್ತಿದ್ದವು. 1970ರ ದಶಕದ ಕೊನೆಗೆ ಇಂಗ್ಲೆಂಡಿನಿಂದ ಬಂದ ಗಾಳದ ಯುವಕರ ತಂಡವೊಂದು ಕಾವೇರಿಯಲ್ಲಿ ಆನೆಯಂಥ ಮೀನುಗಳು ಇನ್ನೂ ಇವೆ ಎಂದು ಲೋಕಕ್ಕೆ ಸಾರಿತು. ಮುಂದೆ ಬೆಂಗಳೂರಿನ ವನ್ಯಜೀವಿ ಸಂಘದವರು ಒಂದಿಷ್ಟು ದಂಡೆಯನ್ನು ಕಾಯಲು ವಹಿಸಿಕೊಂಡರು. ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಮಳವಳ್ಳಿ ತಾಲೂಕಿನ ಭೀಮೇಶ್ವರಿಯಲ್ಲಿ ಶಿಬಿರ ನಡೆಸಿತು. ದೊಡ್ಡಮಕ್ಕಳಿ, ಗಾಳಿಬೋರೆಗಳಲ್ಲೂ ಶಿಬಿರಗಳು ಎದ್ದವು. ನಿಯಮ ಒಂದೇ: ಹಿಡಿದ ಮೀನನ್ನು ಕೊಲ್ಲುವಂತಿಲ್ಲ, ತೂಕ ನೋಡಿ ಮರಳಿ ಬಿಡಬೇಕು.

ಆ ಶಿಬಿರದ ಒಂದು ದಿನ ಹೇಗಿರುತ್ತಿತ್ತು?

ಬೆಳಕು ಹರಿಯುವ ಮುಂಚೆಯೇ ದಾರಿ ತೋರುವವನು ಬಂದು ಬಾಗಿಲ ಬಳಿ ನಿಲ್ಲುತ್ತಿದ್ದ. ಅವನನ್ನೂ ಇಲ್ಲಿ ಗಿಲ್ಲಿ ಎಂದೇ ಕರೆದರು. ಸ್ಕಾಟ್ಲೆಂಡಿನ ಮಾತು ಕಾವೇರಿ ದಂಡೆಗೆ ಬಂದು ನೆಲೆಸಿತು. ಇವರಲ್ಲಿ ಹಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ. ಮೀನು ಎಲ್ಲಿ ಅಡಗುತ್ತದೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಸಂಬಳ ಸಿಕ್ಕಿತು, ಮರ್ಯಾದೆ ಸಿಕ್ಕಿತು, ಕದಿಯುವ ಕೈ ಕಾಯುವ ಕೈ ಆಯಿತು.

ಅವನ ಕೈಯಲ್ಲಿ ರಾಗಿ ಹಿಟ್ಟಿನ ಉಂಡೆ. ಮುದ್ದೆಯ ಹಾಗೆ ಬೇಯಿಸಿ, ಮಸಾಲೆ ಬೆರೆಸಿ, ಗಟ್ಟಿಯಾಗಿ ನಾದಿದ ಉಂಡೆ. ಅದನ್ನೇ ಗಾಳಕ್ಕೆ ಮೆತ್ತುತ್ತಿದ್ದ. ಕೆಲವೊಮ್ಮೆ ಏಡಿ, ಕೆಲವೊಮ್ಮೆ ಸಣ್ಣ ಮೀನು. ಪುಕ್ಕದ ನೊಣ ಇಲ್ಲಿ ಅಪರೂಪ. ಪರದೇಶದಿಂದ ಸಾವಿರಾರು ರೂಪಾಯಿಯ ಕೋಲು, ರೀಲು ತಂದ ಸಾಹೇಬ ಕೊನೆಗೆ ನಂಬಬೇಕಾದದ್ದು ರಾಗಿ ಮುದ್ದೆಯನ್ನು! ನೀರಿಗೆ ಮೊದಲು ತಿನಿಸು ಹಾಕಿ ಮೀನನ್ನು ಒಗ್ಗಿಸುವ ಸೋಮೇಶ್ವರನ ಕಾಲದ ಪದ್ಧತಿಯೂ ಇಲ್ಲಿ ಬಳಕೆಯಲ್ಲಿತ್ತು.

ಹರಿಗೋಲಿನಲ್ಲಿ ಕೂತು ಮಡುವಿನ ಬಂಡೆಗೆ ಹೋಗುವುದು, ದಾರ ಬಿಡುವುದು, ಸುಮ್ಮನೆ ಕೂರುವುದು. ಎದುರು ದಂಡೆಗೆ ಆನೆ ನೀರು ಕುಡಿಯಲು ಬಂದೀತು, ಮೊಸಳೆ ಬಂಡೆಯ ಮೇಲೆ ಬಿಸಿಲು ಕಾಯಿಸೀತು. ಗಿಲ್ಲಿ ಬೆರಳಲ್ಲಿ ದಾರ ಹಿಡಿದು ಕೂತಿರುತ್ತಿದ್ದ. ಉಂಡೆಯನ್ನು ಕಚ್ಚುತ್ತಿರುವುದು ಪುಡಿಮೀನೋ ದೊಡ್ಡದೋ ಎಂದು ಬೆರಳಿಗೇ ತಿಳಿಯುತ್ತಿತ್ತು. ಮಹಸೀರ್ ಕಚ್ಚಿತೆಂದರೆ ದಾರ ಗಿರ್ರೆಂದು ಓಡುತ್ತಿತ್ತು. ಬಂಡೆಯ ಸಂದಿಯಲ್ಲಿ ದಾರ ಸಿಕ್ಕಿಕೊಂಡರೆ ಗಿಲ್ಲಿ ಹರಿಗೋಲು ತಿರುಗಿಸಿ ಬಿಡಿಸಬೇಕು, ಇಲ್ಲವೆ ನೀರಿಗೆ ಧುಮುಕಬೇಕು. ಕೊನೆಗೆ ಮೀನನ್ನು ದಂಡೆಗೆ ತಂದು, ತೂಗಿ, ಫೋಟೋ ತೆಗೆದು, ದಣಿವಾರುವ ತನಕ ನೀರಿನಲ್ಲೇ ಹಿಡಿದಿದ್ದು ಬಿಟ್ಟುಬಿಡುತ್ತಿದ್ದರು. ಸಂಜೆ ಶಿಬಿರದ ದಫ್ತರದಲ್ಲಿ ಬರೆಯುವುದು: ಇಂಥ ದಿನ, ಇಷ್ಟು ತಾಸು, ಇಂಥ ಮೀನು, ಇಷ್ಟು ತೂಕ.

ಈ ದಫ್ತರದ ಕತೆಯೇ ನಾನು ಮುಖ್ಯವಾಗಿ ಹೇಳಬೇಕೆಂದದ್ದು.

ಕಾವೇರಿ ದಂಡೆಯ ಆ ಕಾಡು 1987ರಲ್ಲಿ ವನ್ಯಜೀವಿ ಅಭಯಾರಣ್ಯವಾಗಿತ್ತು. ವನ್ಯಜೀವಿ ಕಾನೂನಿನ ಪ್ರಕಾರ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ. ಹಿಡಿದು ಬಿಟ್ಟರೂ ಬೇಟೆಯೇ ಅಲ್ಲವೆ ಎಂಬ ತಕರಾರು ಬೆಳೆದು, 2012ರ ಹೊತ್ತಿಗೆ ಅಭಯಾರಣ್ಯದೊಳಗೆ ಗಾಳ ನಿಂತಿತು. ಗಾಳ ನಿಂತರೆ ಮೀನಿಗೆ ನೋವಿಲ್ಲ ಎಂದು ಒಂದು ಪಕ್ಷ. ಗಾಳದವರು ಹೋದರೆ ಸಿಡಿಮದ್ದಿನವರು ಬರುತ್ತಾರೆ ಎಂದು ಇನ್ನೊಂದು ಪಕ್ಷ. ಎರಡರಲ್ಲೂ ಸತ್ಯವಿದೆ. ಆಗ ಕೆಲವು ವಿಜ್ಞಾನಿಗಳು ಗಾಳಿಬೋರೆ ಶಿಬಿರದ 1998ರಿಂದ 2012ರವರೆಗಿನ ದಫ್ತರ ತೆರೆದು ಲೆಕ್ಕ ಹಾಕಿದರು. 2015ರಲ್ಲಿ ಅದನ್ನು ಪ್ರಕಟಿಸಿದರು. ಹೊರಬಂದ ಸಂಗತಿ ಎದೆ ಒಡೆಯುವಂಥದು. ಮಹಸೀರ್ ಒಟ್ಟಿನಲ್ಲಿ ಹೆಚ್ಚಾಗಿತ್ತು. ಆದರೆ ಹೆಚ್ಚಾದದ್ದು ನೀಲಿ ರೆಕ್ಕೆಯ ಮಹಸೀರ್. ಗೂನು ಬೆನ್ನಿನದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿತ್ತು. ಸಿಕ್ಕವೂ ಬರಬರುತ್ತ ದೊಡ್ಡವೇ. ಅಂದರೆ ಮುದುಕರು ಮಾತ್ರ ಉಳಿದು ಮಕ್ಕಳು ಹುಟ್ಟದ ಮನೆಯಂತಾಗಿತ್ತು ಅದರ ಸ್ಥಿತಿ.

ಈ ನೀಲಿ ರೆಕ್ಕೆಯ ಮೀನು ಎಲ್ಲಿಯದು? ಇಲ್ಲಿ ನಮ್ಮ ಸೀಮೆ ಮತ್ತೆ ಬರುತ್ತದೆ. ಅದು ಪುಣೆಯ ಮುಳಾ-ಮುಠಾ ನದಿಯದು. ಆ ನೀರು ಭೀಮೆಗೆ ಸೇರಿ ಪಂಢರಪುರದ ಮೇಲಿಂದ ನಮ್ಮ ಉತ್ತರದ ಕಡೆ ಹರಿದು ಹೋಗುತ್ತದೆ. ಕಂಪನಿ ಸರಕಾರದ ಅಧಿಕಾರಿ ಕರ್ನಲ್ ಸೈಕ್ಸ್ 1839ರಲ್ಲಿ ಅದನ್ನು ವಿವರಿಸಿ ಖುದ್ರಿ ಎಂಬ ಹೆಸರನ್ನೇ ಶಾಸ್ತ್ರಕ್ಕೆ ಸೇರಿಸಿದ. ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು 1970ರ ದಶಕದಿಂದ ಅದರ ಮರಿ ಮಾಡಿಸಿ ಬೇರೆ ಬೇರೆ ರಾಜ್ಯಗಳಿಗೆ ಹಂಚಿದರು. ಅಳಿಯುತ್ತಿರುವ ಮೀನನ್ನು ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಹಂಚಿದರು. ಕಾವೇರಿಗೂ ಬಿಟ್ಟರು. ಖುದ್ರಿ ಉಳಿಯಿತು. ಆದರೆ ಕಾವೇರಿಯ ಹಳೆಯ ಒಡೆಯನ ಜಾಗದಲ್ಲಿ ಅದು ತುಂಬಿಕೊಂಡಿತು. ಅಣೆಕಟ್ಟು, ಮರಳು ಎತ್ತುವುದು, ಸಿಡಿಮದ್ದು ಮೊದಲೇ ಹಣ್ಣು ಮಾಡಿದ್ದ ಮೀನಿಗೆ ಇದು ಇನ್ನೊಂದು ಪೆಟ್ಟಾಯಿತು. ಬಾವಿ ಬತ್ತಿದೆಯೆಂದು ಬೇರೆ ಹಳ್ಳದ ನೀರು ತಂದು ಸುರಿಯುವ ಮೊದಲು ಬಾವಿ ಯಾಕೆ ಬತ್ತಿತು ಎಂದು ನೋಡಬೇಕೆಂಬ ಪಾಠ ಇದು.

ಇನ್ನೂ ಒಂದು ವಿಷಾದ. ನೂರು ವರ್ಷಕ್ಕೂ ಮಿಕ್ಕಿ ಜಗತ್ತೆಲ್ಲ ಹೊಗಳಿದ ಆ ಗೂನು ಬೆನ್ನಿನ ಮೀನಿಗೆ ಖಚಿತವಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಕಾವೇರಿಯ ಉಪನದಿ ಪಾಂಬಾರಿನಲ್ಲಿ ಸಿಕ್ಕು 2007ರಲ್ಲಿ ಹೆಸರು ಪಡೆದಿದ್ದ 'ಟಾರ್ ರೆಮಾದೇವಿ' ಎಂಬ ಮೀನು ಇದೇ ಎಂದು ತಿಳಿದದ್ದು 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿ ಸೇರಿಸಿದರು. ಹೆಸರಿಟ್ಟ ಕೂಸಿಗೆ ಅಂದೇ ಉಸಿರಿನ ಚಿಂತೆ. ಸ್ಕಾಟ್ಲೆಂಡಿನ ಸಾಲ್ಮನ್ನಿನ ಗತಿಯೂ ಚೆನ್ನಾಗಿಲ್ಲ. 2023ರಲ್ಲಿ ಬ್ರಿಟನ್ನಿನ ಸಾಲ್ಮನ್ ಕೂಡ ಅಪಾಯದ ಪಟ್ಟಿಗೆ ಸೇರಿತು. ಅಲ್ಲಿಯೂ ಈಗ ಹಿಡಿದದ್ದರಲ್ಲಿ ಬಹುಪಾಲು ಮೀನನ್ನು ಮರಳಿ ನೀರಿಗೇ ಬಿಡುತ್ತಾರೆ.

ಬಂಧುಗಳೇ, ಈಗ ಆ ಮೊದಲಿನ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮೀನು ತಿನ್ನುವುದಿಲ್ಲ, ನಮ್ಮ ಹಳ್ಳದಲ್ಲಿ ನೀರೂ ನಿಲ್ಲುವುದಿಲ್ಲ. ಆದರೂ ಈ ಕತೆ ನಮಗೆ ಬೇಕು. ಒಂದು ಮೀನು ಅಳಿಯುತ್ತಿದೆ ಎಂದು ಲೋಕಕ್ಕೆ ತಿಳಿದದ್ದು ದೊಡ್ಡ ಕಚೇರಿಯ ಕಡತದಿಂದಲ್ಲ. ಗಿಲ್ಲಿಗಳು ಹರಿಗೋಲು ಹಾಕಿ, ರಾಗಿ ಉಂಡೆ ಕಟ್ಟಿ, ಸಂಜೆಗೆ ತೂಕ ಹೇಳಿ ಬರೆಸಿದ ದಫ್ತರದಿಂದ. ಆ ದಫ್ತರ ಇರದಿದ್ದರೆ ಮಹಸೀರ್ ಹೆಚ್ಚುತ್ತಿದೆ ಎಂದು ಎಲ್ಲರೂ ನೆಮ್ಮದಿಯಿಂದ ಇರುತ್ತಿದ್ದರು. ಓದು ಬರಹ ಹೆಚ್ಚಿಲ್ಲದ ದಂಡೆಯ ಜನರ ತಿಳಿವಳಿಕೆಯನ್ನು ದಿನ ದಿನ ಬರೆದಿಟ್ಟದ್ದೇ ಸಾಕ್ಷಿಯಾಗಿ ನಿಂತಿತು.

ಭೀಮೆಯ ದಂಡೆಯ ಊರುಗಳಲ್ಲಿ, ಕೃಷ್ಣೆಯ ದಂಡೆಯಲ್ಲಿ ಅಂಬಿಗರು, ಕಬ್ಬಲಿಗರು, ಭೋಯಿಗಳು, ಕೋಳಿಗಳು ಇಂದಿಗೂ ಇದ್ದಾರೆ. ಅಜ್ಜಂದಿರ ಬಾಯಲ್ಲಿ ಮೀನಿನ ಹೆಸರುಗಳಿವೆ, ಕನ್ನಡದಲ್ಲೂ ಇವೆ, ಮರಾಠಿಯಲ್ಲೂ ಇವೆ. ಯಾವ ಮಡುವಿನಲ್ಲಿ ಯಾವ ಮೀನಿತ್ತು, ಯಾವ ವರ್ಷದಿಂದ ಕಾಣೆಯಾಯಿತು ಎಂಬುದು ಅವರಿಗೆ ಗೊತ್ತು. ಕನ್ನಡ ಶಾಲೆಯ ಮಕ್ಕಳು ದೀಪಾವಳಿ ರಜೆಗೆ ಬೀಗರ ಊರಿಗೆ ಹೋದಾಗ ಒಂದು ನೋಟುಪುಸ್ತಕ ಒಯ್ಯಲಿ. ನಮ್ಮ ಬೋರ ಹಳ್ಳದ ಬಗ್ಗೆಯೂ ಕೇಳಲಿ, ಎಷ್ಟು ತಿಂಗಳು ಹರಿಯುತ್ತಿತ್ತು, ಎಲ್ಲಿ ಮಡು ಇತ್ತು ಎಂದು. ಹೇಳಿದ್ದನ್ನು ಬರೆದುಕೊಳ್ಳಲಿ. ಬರೆದ ಮೇಲೆ ಕೆಳಗೆ ಹೇಳಿದವರ ಹೆಸರನ್ನೂ ಬರೆಯಲಿ.

ಸೋಮೇಶ್ವರನ ಗ್ರಂಥದಲ್ಲಿ ಬಿಟ್ಟುಹೋದದ್ದು ಆ ಹೆಸರೇ. ಚೌಡಯ್ಯ ತಾನೇ ಬರೆದುಕೊಂಡದ್ದೂ ಆ ಹೆಸರೇ.